ಬಾವಿಕಟ್ಟೆಯಲ್ಲಿ ಹೇಳಿದ ಮಾತು

ಗುರುವಾಯನಕೆರೆ
೧೪ ನವೆಂಬರ್ ೧೯೬೧

ಪ್ರೀತಿಯ ಅಮ್ಮನಿಗೆ,

ಕರ್ತನ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ. ಮೂಡುಬಿದಿರೆಯಲ್ಲಿ ನಿಮ್ಮ ಮೊಣಕಾಲು ನೋವು ಈಗ ಹೇಗುಂಟು?

ಅತ್ತೆ ಹೇಗೆ ಎಂದು ಹೋದ ಪತ್ರದಲ್ಲಿ ಕೇಳಿದ್ದಿರಿ. ಒಂದು ಸಾಲಿನಲ್ಲಿ ಬರೆಯುವಂಥದ್ದಲ್ಲ ಎಂದು ಬಿಟ್ಟಿದ್ದೆ. ಈಗ ಬರೆಯುತ್ತೇನೆ.

ಮದುವೆಯಾಗಿ ಬಂದ ಹೊಸದರಲ್ಲೇ ಒಂದು ಸಂಗತಿ ನನಗೆ ಸೋಜಿಗವಾಗಿತ್ತು. ಈಸ್ಟರ್ ದಿನ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿಗೆ ಎಲ್ಲರೂ ಎದ್ದು ಮುಂದೆ ಹೋದರೂ ಅತ್ತೆ ಬೆಂಚಿನಲ್ಲೇ ತಲೆ ತಗ್ಗಿಸಿ ಕುಳಿತಿದ್ದರು. ಆಗಸ್ಟಿನಲ್ಲೂ ಹಾಗೆಯೇ. ಸಭೆಯ ಉಪದೇಶಿಯಾಗಿದ್ದ ಮಾವನವರ ಹೆಂಡತಿ, ದಿನಾ ಬೆಳಿಗ್ಗೆ ಪ್ರಾರ್ಥನೆ ನಡೆಸುವವರು, ರೊಟ್ಟಿ ಮುಟ್ಟುವುದಿಲ್ಲವೆಂದರೆ ಏನು ಕಾರಣ? ಇವರಲ್ಲಿ ಕೇಳಿದೆ. ಅಮ್ಮನಲ್ಲಿ ಅದನ್ನೊಂದು ಕೇಳಬೇಡ ಎಂದರು. ಬೇಡ ಎಂದದ್ದಕ್ಕೇ ನನ್ನ ಕುತೂಹಲ ಹೆಚ್ಚಿದ್ದು, ನಿಮಗೆ ನನ್ನ ಬುದ್ಧಿ ಗೊತ್ತಲ್ಲ.

ಒಂದು ಮಧ್ಯಾಹ್ನ ಸೌತೆಕಾಯಿ ಹೆಚ್ಚುತ್ತಾ ಕೇಳಿಯೇ ಬಿಟ್ಟೆ. ಅತ್ತೆ ಸಿಟ್ಟಾಗಲಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ ಹೇಳಿದರು.

ನಮ್ಮ ಹಿತ್ತಿಲಿನಾಚೆ ಬೀಪಾತುಮ್ಮ ಎಂಬ ಬ್ಯಾರಿ ಹೆಂಗಸು ಇದ್ದಾರೆ, ವಿಧವೆ. ಬಾಣಂತಿಯರಿಗೆ ಎಣ್ಣೆ ಹಚ್ಚಿ ಮೀಯಿಸುವುದು ಅವರ ಕೆಲಸ. ಅತ್ತೆಯ ಮಕ್ಕಳಿಬ್ಬರನ್ನೂ, ಇವರನ್ನೂ ಇವರ ಅಕ್ಕ ಎಸ್ತೇರರನ್ನೂ, ಮೊದಲು ಮೀಯಿಸಿದ ಕೈ ಅವರದ್ದೇ. ಎಸ್ತೇರಕ್ಕನಿಗೆ ಸಣ್ಣಂದಿನಿಂದ ಆಗಾಗ ಫಿಟ್ಸ್ ಬರುತ್ತಿತ್ತು. ಮನೆಯವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಬೀಪಾತುಮ್ಮನಿಗೆ ಮಾತ್ರ. ಆರು ವರ್ಷದ ಹಿಂದೆ ಅಕ್ಕನಿಗೆ ಬಂಟ್ವಾಳದಲ್ಲಿ ಸಂಬಂಧ ಗೊತ್ತಾಗಿ, ಸೀರೆಯೂ ತೆಗೆದಾದ ಮೇಲೆ, ಫಿಟ್ಸಿನ ವಿಷಯ ತಿಳಿದು ಗಂಡಿನವರು ಬಿಟ್ಟುಬಿಟ್ಟರು. ಅತ್ತೆ ನೆಟ್ಟಗೆ ಬಾವಿಕಟ್ಟೆಗೆ ಹೋಗಿ, ನೀರಿಗೆ ಬಂದ ಹೆಂಗಸರೆಲ್ಲರ ಎದುರು, ನಮ್ಮ ಉಪ್ಪು ತಿಂದು ನಮ್ಮ ಮಗಳ ಬಾಳಿಗೇ ಬೆಂಕಿ ಇಟ್ಟೆ ಎಂದು ಬೀಪಾತುಮ್ಮನನ್ನು ಬೈದರು. ನಾನು ಹೇಳಲಿಲ್ಲ ಬಾಯಮ್ಮ ಎಂದರಂತೆ ಅವರು, ಅಷ್ಟೇ. ಮನೆಯ ಗುಟ್ಟು ಹೊರಗೆ ಹಾಕುವವಳು ಎಂಬ ಹೆಸರು ಬಂದ ಮೇಲೆ ಅವರನ್ನು ಬಾಣಂತಿ ಕೋಣೆಗೆ ಯಾರು ಕರೆಯುತ್ತಾರೆ? ಕೆಲಸ ನಿಂತಿತು. ಬೀಡಿ ಕಟ್ಟಲು ಕುಳಿತರು.

ಎರಡು ವರ್ಷ ಕಳೆದು ಮಾವನವರು ಸಾಯುವ ವಾರ ಅತ್ತೆಯನ್ನು ಹತ್ತಿರ ಕರೆದು, ಗಂಡಿನವರಿಗೆ ಹೇಳಿದ್ದು ನಾನೇ ಎಂದರಂತೆ. ಸುಳ್ಳಿನ ಮೇಲೆ ಮದುವೆ ಮಾಡಿಸಲಿಕ್ಕೆ ಮನಸ್ಸು ಒಪ್ಪಲಿಲ್ಲ. ಹೇಳಿದೆನೆಂದು ನಿನ್ನ ಎದುರು ಒಪ್ಪಿಕೊಳ್ಳಲಿಕ್ಕೆ ಧೈರ್ಯವೂ ಬರಲಿಲ್ಲ ಎಂದರಂತೆ. ನೆರೆಯವಳಿಗೆ ಮಾಡಿದ ತಪ್ಪನ್ನು ಒಪ್ಪಿಕೊಳ್ಳದೆ ಆ ರೊಟ್ಟಿ ಮುಟ್ಟಬಾರದೆಂದು ಅಂದಿನಿಂದ ಅತ್ತೆ ಕರ್ತನ ಭೋಜನಕ್ಕೆ ಏಳಲಿಲ್ಲ.

ಬೀಪಾತುಮ್ಮನಿಗೆ ಹೇಳಬಹುದಿತ್ತಲ್ಲ ಎಂದೆ. ‘ಈ ಊರಿನಲ್ಲಿ ನಿನ್ನ ಮಾವನ ಹೆಸರಿಗೆ ಈಗಲೂ ಎದ್ದು ನಿಲ್ಲುವವರು ಉಂಟು. ಸತ್ತವರ ಮರ್ಯಾದೆ ನನ್ನ ಕೈಯಲ್ಲಿ ಉಂಟು ಮಗಾ. ನೀನಾದರೆ ಏನು ಮಾಡುತ್ತಿದ್ದೆ?’ ಎಂದರು. ನಾನಾದರೆ ಅಂದೇ ಹೇಳಿಬಿಡುತ್ತಿದ್ದೆ ಎಂದೆ. ಎಷ್ಟು ಸಲೀಸಾಗಿ ಹೇಳಿದೆನಮ್ಮ.

ಅತ್ತೆ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಕಾರ್ಕಳದಲ್ಲಿರುವ ಎಸ್ತೇರಕ್ಕನಿಗೆ ಬರೆದರು. ಎಲ್ಲ ತಿಳಿದೇ ಮದುವೆಯಾದ ಗಂಡ ಅಕ್ಕನಿಗೆ ಕೊನೆಗೆ ಸಿಕ್ಕಿದ್ದಾರೆ, ಒಂದು ಮಗುವೂ ಉಂಟು. ಅಕ್ಕನಿಂದ ಬಂದ ಕಾರ್ಡಿನಲ್ಲಿ ಒಂದೇ ಸಾಲು: ಹೇಳಿ ಅಮ್ಮ.

ಮರುದಿನ ಅತ್ತೆ ನನ್ನನ್ನು ಕರೆದುಕೊಂಡು ಬೀಪಾತುಮ್ಮನ ಮನೆಗೆ ಹೋದರು. ಅವರು ನಮ್ಮನ್ನು ಅಡಿಗೆಕೋಣೆಯಲ್ಲಿ ಮಣೆ ಹಾಕಿ ಕೂರಿಸಿದರು. ಅತ್ತೆ ಎಲ್ಲವನ್ನೂ ಹೇಳಿ, ನನ್ನಿಂದ ತಪ್ಪಾಯಿತು ಎಂದು ಕೈ ಮುಗಿದರು. ಬೀಪಾತುಮ್ಮ ಬೀಡಿಯ ಎಲೆ, ಹೊಗೆಸೊಪ್ಪು ಇದ್ದ ಸೂಪನ್ನು ತೊಡೆಯಿಂದ ಕೆಳಗಿಟ್ಟರು. ಈಗ ಅಳುತ್ತಾರೆ, ಇಲ್ಲವೇ ಅಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

‘ಬಾಯಮ್ಮ, ಅಂದು ನೀವು ಹೇಳಿದ್ದು ಬಾವಿಕಟ್ಟೆಯಲ್ಲಿ. ಇವತ್ತು ಹೇಳಿದ್ದು ನನ್ನ ಅಡಿಗೆಕೋಣೆಯಲ್ಲಿ’ ಎಂದರು.

 ಹಿಂದೆ ಬರುವಾಗ ನನಗೆ ಬೀಪಾತುಮ್ಮನ ಮೇಲೆ ಸ್ವಲ್ಪ ಸಿಟ್ಟೇ ಬಂದಿತ್ತು. ಮನೆ ಮುಟ್ಟಿದ ಮೇಲೆ ಅತ್ತೆ, ಅವಳು ಹೇಳಿದ್ದು ನ್ಯಾಯ ಎಂದರು.

ಶನಿವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರಿಗೆ ಏಳೆಂಟು ಜನ ಸೇರಿದ್ದರು, ಬೀಪಾತುಮ್ಮನೂ ಇದ್ದರು. ಅತ್ತೆ ಕೊಡ ಕೆಳಗಿಟ್ಟು, ಗಂಡನ ಹೆಸರನ್ನು ಬಾಯಿಬಿಟ್ಟು ಎಂದೂ ಹೇಳದವರು, ಅಂದು ಹೇಳಿದರು. ತಪ್ಪು ಅವರದ್ದೆಷ್ಟು, ತನ್ನದೆಷ್ಟು, ಒಂದನ್ನೂ ಬಿಡಲಿಲ್ಲ.  ಪೂವಮ್ಮ ಎಂಬ ಮುದುಕಿ ಮಾತ್ರ, ಸತ್ತವರನ್ನು ಯಾಕೆ ಎಳೆಯುತ್ತೀರಿ ಎಂದರು. ಬೀಪಾತುಮ್ಮ ಮುಂದೆ ಬಂದು ಅತ್ತೆಯ ಕೊಡಕ್ಕೆ ನೀರು ಸೇದಿ ಹಾಕಿ, ‘ಸಾಕು, ಮನೆಗೆ ಹೋಗುವ’ ಎಂದು ಕೈ ಹಿಡಿದರು.

ಮರುದಿನ ಆದಿತ್ಯವಾರ, ಅತ್ತೆ ಎದ್ದು ಮುಂದೆ ಹೋಗಿ ಕರ್ತನ ಭೋಜನ ತೆಗೆದುಕೊಂಡರು. ಇಂದು ಬೆಳಿಗ್ಗೆ ಪೂವಮ್ಮನ ಸೊಸೆಯನ್ನು ಮೀಯಿಸಲು ಬೀಪಾತುಮ್ಮನಿಗೆ ಕರೆ ಬಂದಿತು ಎಂದು ಕೇಳಿದೆ. ನಿಜವೋ ಎಂದು ನೋಡಲು ಬೇಲಿಯವರೆಗೆ ಹೋಗಿ ಬಂದೆ. ನಿಜ.

ನಿಮ್ಮ ಪ್ರೀತಿಯ ಮಗಳು,
ಸುಗಂಧಿ

ಮರೆತದ್ದಲ್ಲ ಅಮ್ಮ, ಬರೆಯಲು ಹೆದರಿ ಬಿಟ್ಟದ್ದು: ಆ ಆದಿತ್ಯವಾರ ಬೆಂಚಿನಿಂದ ಏಳದೆ ಉಳಿದವಳು ನಾನು. ನನ್ನ ಎಡಗಿವಿ ಕೇಳುವುದಿಲ್ಲವೆಂದು ಗಂಡಿನವರಿಗೆ ಹೇಳಬಾರದು ಎಂದು ನೀವು ಮಾತು ತೆಗೆದುಕೊಂಡಿದ್ದಿರಿ. ಸಂಜೆ ಅತ್ತೆಗೆ ಹೇಳಿಬಿಟ್ಟೆ. ‘ನೀನು ಬಂದ ವಾರವೇ ಗೊತ್ತಾಯಿತು ಮಗಾ, ಅದಕ್ಕೇ ನಾನು ನಿನ್ನ ಬಲಬದಿಗೆ ಕೂರುವುದು’ ಎಂದರು. ಕ್ರಿಸ್ಮಸ್ಸಿಗೆ ನೀವು ನಾಚಿಕೆಪಡದೆ ಬರಬೇಕಂತೆ. ಇವರಿಗೆ ಇನ್ನೂ ಹೇಳಿಲ್ಲ. ಲಕೋಟೆ ಅಂಟಿಸದೆ ಇವರ ಕೈಗೇ ಕೊಡುತ್ತಿದ್ದೇನೆ. ಓದಿ ಟಪಾಲಿಗೆ ಹಾಕಲಿ.