ಹಬ್ಬದಡುಗೆಯ ಉಪ್ಪು

ಅಮ್ಮಾ,

ನೀನಿಲ್ಲದ ಮೊದಲ ಹಬ್ಬದ ಊಟ ಈಗಷ್ಟೇ ಮುಗಿಯಿತು. ಯಾರಿಗಾದರೂ ಹೇಳದಿದ್ದರೆ ಆಗದು, ನಿನಗೇ ಹೇಳುತ್ತಿದ್ದೇನೆ.

ಹಬ್ಬದಡುಗೆಯನ್ನು ಬಡಿಸುವ ಮೊದಲು ರುಚಿ ನೋಡಬಾರದೆಂಬುದು ನಿನ್ನ ಹಟ. ಹಾಗಾಗಿ ಪ್ರತಿ ಸಲವೂ ಉಪ್ಪು ಕಡಿಮೆ. ಮೊದಲ ತುತ್ತಿಗೇ ಅಪ್ಪ, "ಏನೇ, ಉಪ್ಪು ತವರಿಗೆ ಹೋಗಿದ್ಯಾ?" ಅನ್ನುತ್ತಿದ್ದರು. ನೀನು ಉಪ್ಪಿನ ಡಬ್ಬಿಯನ್ನು ಅವರ ಮುಂದೆ ಕುಕ್ಕಿ, "ಹೋದ್ರೆ ಹೋಗ್ಲಿ ಬಿಡಿ, ನಾನಿಲ್ವಾ?" ಅನ್ನುತ್ತಿದ್ದೆ. ಅದಾದ ಮೇಲೆಯೇ ನಮಗೆಲ್ಲ ಹಬ್ಬ ಶುರು.

ಈಗೀಗ ಅಪ್ಪನ ಮಾತೇ ಕಮ್ಮಿಯಾಗಿದೆ. ಅದಕ್ಕೇ ಇವತ್ತು ಬೇಕೆಂದೇ ಉಪ್ಪು ಕಡಿಮೆ ಹಾಕಿದೆ. ಬಡಿಸಿ, ಡಬ್ಬಿ ಹಿಡಿದುಕೊಂಡು ಅವರ ಪಕ್ಕದಲ್ಲೇ ನಿಂತೆ. ತಮ್ಮನೂ ತುತ್ತು ಎತ್ತದೆ ಅವರ ಮುಖವನ್ನೇ ನೋಡುತ್ತಿದ್ದ.

ಅಪ್ಪ ಒಂದು ತುತ್ತು ತಿಂದರು. ಇನ್ನೊಂದು ತಿಂದರು.

"ಉಪ್ಪು ಬೇಕೇನಪ್ಪಾ?" ಅಂದೆ.

"ಬೇಡಮ್ಮ, ಸರಿಯಾಗಿದೆ" ಅಂದರು. ತಟ್ಟೆ ಖಾಲಿ ಮಾಡಿ, ಮತ್ತೊಮ್ಮೆ ಹಾಕಿಸಿಕೊಂಡು ಅದನ್ನೂ ತಿಂದರು.

ತಮ್ಮ ತಲೆ ತಗ್ಗಿಸಿ ಉಣ್ಣತೊಡಗಿದ. ಡಬ್ಬಿ ಎಲ್ಲಿಡಬೇಕೆಂದು ಗೊತ್ತಾಗದೆ, ಅದನ್ನು ಮಡಿಲಲ್ಲಿಟ್ಟುಕೊಂಡೇ ನಾನೂ ಊಟಕ್ಕೆ ಕೂತೆ.