ಕಟ್ಟಿಗೆಯ ಟೆಲಿವಿಜನ್

ಅಣ್ಣಿಗೇರಿ,
ಮಂಗಳವಾರ, ೯ ಮಾರ್ಚ್ ೧೯೭೬

ಚಿರಂಜೀವಿ ಸಾವಂತ್ರಿಗೆ ಮನಸಾರೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಸಿಟ್ಟು ಮಾಡಿಕೊಂಡಿರುತ್ತೀ. ನಿನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ, ಅದು ನಿಮ್ಮಪ್ಪನ ಕಡೆಯಿಂದ ಬಂದದ್ದು. ಇಲ್ಲಿ ಬಿಸಿಲು ಶುರುವಾಗಿದೆ. ತಗಡಿನ ಥೇಟರಿನೊಳಗೆ ಮಧ್ಯಾಹ್ನ ಕೂತರೆ ರೊಟ್ಟಿಯ ಹಂಚಿನ ಮೇಲೆ ಕೂತಂತೆ ಇರುತ್ತದೆ. ನನಗೆ ಜಡ್ಡು ಜಾಪತ್ರೆ ಏನೂ ಇಲ್ಲ, ದಣಿವು ಮಾತ್ರ ಇದೆ. ಮಲಗಿ ಎದ್ದರೂ ಹೋಗುವುದಿಲ್ಲ. ಇದನ್ನು ನಿಮ್ಮ ದೊಡ್ಡವ್ವನಿಗೆ ಹೇಳಬೇಡ. ಹೇಳಿದರೆ ಮಹಾದೇವಕ್ಕ ಕುಂದಗೋಳದಿಂದ ಕಷಾಯದ ಪುಡಿ ಕಟ್ಟಿ ಕಳಿಸುತ್ತಾಳೆ, ಅದನ್ನು ಕುಡಿಯುವ ಶಕ್ತಿ ನನಗಿಲ್ಲ.

ನೀನು ಬರೆದದ್ದನ್ನೆಲ್ಲ ಓದಿದೆ. ನಮ್ಮ ನಾಟಕ ಕಂಪನಿಯ ಮಾಲಕರು ಕಳಿಸಿದ ಮಾತು ನಿನಗೆ ಮುಟ್ಟಿದೆ. ಮ್ಯಾಟ್ರಿಕ್ ಪರೀಕ್ಷೆ ಮುಗಿದ ಕೂಡಲೇ ನವಲಗುಂದದ ಕ್ಯಾಂಪಿಗೆ ಬಂದು, ನಮ್ಮ ಕಂಪನಿಯ ಟೆಲಿವಿಜನ್ನಿನೊಳಗೆ ನನ್ನ ಪಕ್ಕದಲ್ಲಿ, ಕುಮಾರಿ ನೀಲಾದೇವಿಯ ತಂಗಿ ಎಂದು ಕೂಡಲು ತಯಾರಿದ್ದೇನೆ ಎಂದಿದ್ದೀ. "ನಿನಗ ಅಕ್ಕಾ ಅನ್ನೂದು ನನಗ ಸಣ್ಣಾಕಿ ಇದ್ದಾಗಿಂದ ರೂಢಿ ಐತಿ, ತಪ್ಪಂಗಿಲ್ಲ, ನೀ ಅಂಜಬ್ಯಾಡ" ಎಂದು ನನಗೇ ಧೈರ್ಯ ಹೇಳಿದ್ದೀ. ಆ ಸಾಲು ಓದಿದ ಮೇಲೆ ಪತ್ರವನ್ನು ಮಡಚಿ ಬಣ್ಣದ ಪೆಟ್ಟಿಗೆಯಲ್ಲಿಟ್ಟೆ. ಉತ್ತರ ಬರೆಯಲು ಕೂತಾಗಲೆಲ್ಲ ಆ ಸಾಲೇ ಅಡ್ಡ ಬರುತ್ತಿತ್ತು.

ನಿಮ್ಮಪ್ಪ ಇದೇ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರರಾಗಿದ್ದರು. ಅವರು ತೀರಿಕೊಂಡಾಗ ನಿನಗೆ ಮೂರು ವರ್ಷ. ಆ ವರ್ಷವೇ ಮಾಲಕರು ಬೋರ್ಡಿನ ಮೇಲೆ ನನ್ನ ಹೆಸರಿನ ಹಿಂದೆ ಕುಮಾರಿ ಎಂದು ಬರೆಸಿದರು. ಗಂಡ ಸತ್ತವಳನ್ನು ನಾಯಕಿ ಎಂದು ನೋಡಲು ಯಾರೂ ಟಿಕೀಟು ತೆಗೆಯುವುದಿಲ್ಲವಂತೆ, ಮಗುವಿನ ತಾಯಿಯನ್ನಂತೂ ಇಲ್ಲವೇ ಇಲ್ಲವಂತೆ. ನಿನಗೆ ಅಕ್ಕಾ ಅನ್ನುವುದನ್ನು ಕಲಿಸಿದವಳು ನಾನೇ. ಕಂಪನಿಯಲ್ಲಿ ಪತ್ರಗಳು ಹತ್ತು ಕೈ ದಾಟುತ್ತವೆ ಎಂದು ಸಹಿಯನ್ನೂ ನಿನ್ನ ಅಕ್ಕ ಎಂದೇ ಹಾಕುತ್ತ ಬಂದೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಆ ಟೆಲಿವಿಜನ್ನಿನ ಸಂಗತಿ. ನೀನು ಬರೀ ಹ್ಯಾಂಡ್‌ಬಿಲ್ ನೋಡಿದ್ದೀ, ಪೆಟ್ಟಿಗೆಯ ಒಳಗೆ ಕೂತಿಲ್ಲ.

ದೀಪಾವಳಿಗೆ ಮಾಲಕರ ಅಳಿಯ ಮುಂಬಯಿಯಿಂದ ಬಂದಿದ್ದ. ಅಲ್ಲಿ ಟೆಲಿವಿಜನ್ ಎಂಬ ಪೆಟ್ಟಿಗೆಯಲ್ಲಿ ಇಬ್ಬರು ಎದುರುಬದುರು ಕೂತು ಸುಮ್ಮನೆ ಮಾತಾಡುತ್ತಾರಂತೆ, ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು, ಜನ ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾರಂತೆ. ಈ ಕಡೆ ಟಾಕೀಸು ಬಂದ ಮೇಲೆ ನಮ್ಮ ಥೇಟರಿನಲ್ಲಿ ಹಿಂದಿನ ಬೆಂಚುಗಳ ಮೇಲೆ ನಾಯಿ ಮಲಗುವ ಹಾಗಾಗಿತ್ತು. ಮಾಲಕರು ಮರುದಿನವೇ ಪರದೆ ಬರೆಯುವ ನಿಜಾಮಸಾಬರನ್ನು ಕರೆದು, "ಸಾಬರ, ನನಗೊಂದು ಟೆಲಿವಿಜನ್ ಮಾಡಿಕೊಡ್ರಿ" ಎಂದರು. ನಿಜಾಮಸಾಬರು ಅಂಥದೊಂದನ್ನು ಹುಟ್ಟಿದಾಗಿನಿಂದ ಕಂಡವರಲ್ಲ. ಆದರೂ ಕಟ್ಟಿಗೆಯ ಚೌಕಟ್ಟು ಕಟ್ಟಿ, ಇಬ್ಬರು ಕೂಡುವಷ್ಟು ಜಾಗ ಬಿಟ್ಟು, ಬಾಜೂಕ್ಕೆ ತಿರುಗಿಸಲು ಎರಡು ಗುಂಡಿ ಇಟ್ಟು, ಮೇಲೆ ಕರಿ ಬಣ್ಣ ಬಳಿದು ನಿಲ್ಲಿಸಿಯೇ ಬಿಟ್ಟರು. ಒಳಗೆ ಕೂತವರ ಮುಖಕ್ಕೆ ಸರಿಯಾಗಿ ಒಂದು ದೊಡ್ಡ ಬಲ್ಬು. ಹಾಸ್ಯದ ಪಾತ್ರ ಮಾಡುವ ಹನಮಂತಪ್ಪ ಕೋಟು ಹಾಕಿಕೊಂಡು ಬಂದು ಗುಂಡಿ ತಿರುಗಿಸಿ "ಹತ್ತಿತ್ರೆಪ್ಪಾ" ಎಂದರೆ, ಒಳಗಿನಿಂದ ಯಾರೋ ಬಲ್ಬು ಹಚ್ಚುತ್ತಿದ್ದರು. ಮೊದಲ ವಾರ ಥೇಟರು ತುಂಬಿತ್ತು. ಒಬ್ಬ ಮುದುಕನಂತೂ ಪೆಟ್ಟಿಗೆಯ ಹಿಂದೆ ಏನಿದೆ ನೋಡಬೇಕೆಂದು ರಂಗವನ್ನೇ ಹತ್ತಿ ಬಂದಿದ್ದ.

ಮೊದಲು ಒಳಗೆ ಕೂತವರು ನಮ್ಮ ನಾಯಕ ಈರಪ್ಪನವರು. ಹನಮಂತಪ್ಪ ಅವರನ್ನು ಕೇಳಿದ್ದು, ಹಾಡು ಯಾರ ಹತ್ತಿರ ಕಲಿತಿರಿ, ಯಾವ ಪಾತ್ರ ಮನಸ್ಸಿಗೆ ಹತ್ತಿತು, ಮಕ್ಕಳೆಷ್ಟು ಎಂದು. ಈರಪ್ಪನವರು ಎದೆ ಮುಂದೆ ಮಾಡಿ ನಾಲ್ಕು ಎಂದರು. ಜನ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ನಾನು ಕೂತೆ. ನನ್ನನ್ನು ಕೇಳಿದ್ದು, ಸೊಂಟ ಇಷ್ಟು ಸಣ್ಣ ಹೇಗೆ ಇಟ್ಟೀರಿ, ಮದುವೆ ಯಾವಾಗ, ಗಂಡ ಹೇಗಿರಬೇಕು. ಮುಂದಿನ ಸಾಲಿನ ಹುಡುಗರು ಸೀಟಿ ಊದಿದರು. ಇಪ್ಪತ್ತು ವರ್ಷ ನಾಟಕ ಮಾಡಿದ್ದೇನೆ, ಒಂದು ಪಾತ್ರದ ಬಗ್ಗೆಯೂ ಯಾರೂ ನನ್ನನ್ನು ಕೇಳಲಿಲ್ಲ. ಆ ದಿನ ಒಳಗೆ ಹೋಗಿ ಬಣ್ಣ ಒರೆಸುವಾಗ ನನಗೆ ಬಹಳ ಕೆಟ್ಟದೆನಿಸಿತು.

ನಮ್ಮಲ್ಲಿ ಪಾತ್ರ ಕಲಿಯುವ ರೀತಿ ನಿನಗೆ ಗೊತ್ತಲ್ಲ. ಇಡೀ ನಾಟಕವನ್ನು ಯಾರೂ ಕೈಗೆ ಕೊಡುವುದಿಲ್ಲ. ನಮ್ಮ ನಮ್ಮ ಮಾತು, ಎದುರಿನವರ ಕೊನೆಯ ಎರಡು ಶಬ್ದ, ಇಷ್ಟೇ ಇರುವ ಕಾಗದ ಕೊಡುತ್ತಾರೆ. ಆ ಎರಡು ಶಬ್ದ ಕಿವಿಗೆ ಬಿದ್ದರೆ ನಮ್ಮ ಮಾತು ತಾನೇ ಹೊರಗೆ ಬರಬೇಕು. ಮಾಲಕರು ಟೆಲಿವಿಜನ್ನಿಗೂ ಹಾಗೆಯೇ ಮಾಡಿದರು. ಜನರೇ ಕೇಳಲಿ ಎಂದು ಹನಮಂತಪ್ಪನ ಕೈಯಲ್ಲಿ ಮೈಕು ಕೊಟ್ಟು ಗಂಡಸರ ಸಾಲಿಗೆ ಕಳಿಸತೊಡಗಿದರು. ಪ್ರಶ್ನೆ ಇವೇ, ಕೇಳುವವರು ಮೂರನೆಯ ಸಾಲಿನಲ್ಲಿ ನೋಡಲು ಬಂದವರಂತೆ ಕೂತ ನಮ್ಮವರೇ, ಉತ್ತರ ಮಾಲಕರೇ ಬರೆದದ್ದು. ಗಂಡ ಹೇಗಿರಬೇಕು ಎಂದರೆ "ನಿಮ್ಮಂಗ ದಿನಾ ನಾಟಕಕ್ಕ ಬರಾಂವ ಇರಬೇಕ್ರಿ" ಎಂದು ನಾಚಿಕೊಂಡು ನಗಬೇಕು. ಎಷ್ಟು ನಾಚಿಕೊಂಡಿದ್ದೇನೆಂದರೆ, ಈಗ ನಿಜವಾಗಿ ನಾಚಿಕೆ ಬಂದರೆ ಮುಖ ಹೇಗೆ ಇಟ್ಟುಕೊಳ್ಳಬೇಕೋ ತಿಳಿಯದು.

ಸಂಕ್ರಾಂತಿಯ ಹೊತ್ತಿಗೆ ಜನಕ್ಕೂ ಸಾಕಾಯಿತು. ಅದೇ ಪ್ರಶ್ನೆ, ಅದೇ ನಗು. ಮಾಲಕರು ನನ್ನನ್ನು ಕರೆದು ಹೇಳಿದ್ದು ಹೀಗೆ: "ನೀಲಾ, ಮಂದಿಗೆ ನಿನ್ನ ಮಾರಿ ನೋಡಿ ನೋಡಿ ಬ್ಯಾಸರ ಆಗೇತಿ. ಹೊಸಾ ಮಾರಿ ಬೇಕು. ನಿನ್ನ ತಂಗೀನ ಕರಸು, ಅಕ್ಕ-ತಂಗಿ ಇಬ್ಬರನೂ ಕೂಡ್ರಸೂಣು." ನಿನ್ನ ತೊಟ್ಟಿಲಿಗೆ ಹಗ್ಗ ಕಟ್ಟಿದವರೇ ಈ ಮಾಲಕ ಶಂಭುಲಿಂಗಪ್ಪನವರು. ಆದರೂ ತಂಗಿ ಎಂದು ಸಲೀಸಾಗಿ ಅಂದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಇಷ್ಟು ಮಂದಿಯ ಒಲೆ ಅವರ ತಲೆಯ ಮೇಲೆ ಉರಿಯುತ್ತದೆ, ಅವರೂ ನನ್ನ ಹಾಗೆಯೇ ದಣಿದಿದ್ದಾರೆ. ಆದರೆ ದಣಿದಾಗಲೆಲ್ಲ ಅವರ ಕೈಗೆ ಸಿಗುವುದು ಕಂಪನಿಯ ಹೆಣ್ಣುಮಕ್ಕಳೇ. ನಾನು ನೋಡೋಣ ಎಂದೆ. ಬೇಡ ಎಂದು ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ. ಅವರು ಅದನ್ನೇ ಆಯಿತು ಎಂದುಕೊಂಡು ನಿನಗೆ ಮಾತು ಕಳಿಸಿದರು, ನೀನು ಕುಣಿಯುತ್ತ ಒಪ್ಪಿದೆ. ನಿನ್ನೆ ಸೋಮವಾರ ನವಲಗುಂದದ ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗಬೇಕಿತ್ತು. ಅದರ ಹಿಂದಿನ ದಿನ ಭಾನುವಾರ ನಡೆದದ್ದನ್ನು ಈಗ ಬರೆಯುತ್ತೇನೆ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಹೆಂಗಸರಿಗೆ ಅರ್ಧ ಟಿಕೀಟು ಮಾಡಿದ್ದರು. ಮೊರಬದಿಂದ ಟ್ರ್ಯಾಕ್ಟರಿನ ಟ್ರೇಲರ್ ತುಂಬ ಹೆಣ್ಣುಮಕ್ಕಳು ಬಂದಿದ್ದರು, ಬುತ್ತಿ ಗಂಟು ಸಮೇತ. ಹೆಂಗಸರ ಬಾಜೂಕ್ಕೆ ನಮ್ಮ ಮೈಕು ಯಾವತ್ತೂ ಹೋಗುವುದಿಲ್ಲ, ಅವರು ಏನೂ ಕೇಳುವುದಿಲ್ಲವೆಂದೇ ಲೆಕ್ಕ. ಹನಮಂತಪ್ಪ ಗುಂಡಿ ತಿರುಗಿಸಿದ, ಬಲ್ಬು ಹತ್ತಿತು, ಎರಡು ಪ್ರಶ್ನೆ ಮುಗಿದವು, ನಾನು ಎರಡು ಸಲ ನಾಚಿಕೊಂಡೆ. ಮೂರನೆಯದಕ್ಕೆ ನಮ್ಮವನು ಏಳುವಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ ಎದ್ದು ನಿಂತಳು. ಹೆಸರು ರೇವವ್ವ ಎಂದು ಆಮೇಲೆ ತಿಳಿಯಿತು. ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿ ಅಭ್ಯಾಸವಿದ್ದ ಧ್ವನಿ, ಅದಕ್ಕೆ ಮೈಕು ಯಾಕೆ ಬೇಕು.

"ಯವ್ವಾ, ಎಷ್ಟೊತ್ತಾತು ಆ ಗೂಡಿನಾಗ ಕುಂತಿ, ಊಟಾ ಆಗೇತಿಲ್ಲೋ?" ಎಂದು ಕೇಳಿದಳು.

ಜನ ನಕ್ಕರು. ನಾನು ಇನ್ನೂ ಇಲ್ಲ ಎಂದೆ. ಆಟ ಮುಗಿಯುವ ತನಕ ನಾನು ಉಣ್ಣುವುದಿಲ್ಲ, ಅದು ನಿನಗೆ ಗೊತ್ತು. ಅಜ್ಜಿ ಅಷ್ಟಕ್ಕೇ ಕೂಡಲಿಲ್ಲ. "ಮಕ್ಕಳೆಷ್ಟವಾ ನಿನಗ?" ಎಂದಳು.

ನಮ್ಮ ಕಡೆ ಹೆಂಗಸರು ಬಾವಿಯ ಕಟ್ಟೆಯ ಮೇಲಾಗಲಿ, ಬಸ್ಸಿನಲ್ಲಾಗಲಿ, ಗುರುತು ಇರಲಿ ಬಿಡಲಿ, ಮೊದಲು ಕೇಳುವುದು ಇವೆರಡನ್ನೇ. ಕೇಳಿದರೆ ಉತ್ತರವೂ ಯೋಚನೆಯಿಲ್ಲದೆ ಬರುತ್ತದೆ. ಮಾಲಕರು ಕೊಟ್ಟ ಕಾಗದದಲ್ಲಿ ಈ ಪ್ರಶ್ನೆ ಇರಲಿಲ್ಲ. ಬಾಯಿ ತಪ್ಪಿತು. "ಒಬ್ಬಾಕಿ ಮಗಳ ಅದಾಳವಾ" ಎಂದುಬಿಟ್ಟೆ.

ಮುಂದಿನ ಸಾಲಿನವರು ಗದ್ದಲ ಎಬ್ಬಿಸಿದರು. ಕುಮಾರಿ ಅಂತ ಬರೆದೀರಿ, ಮೋಸ ಮಾಡೀರಿ, ರೊಕ್ಕ ತಿರುಗಿ ಕೊಡಿ ಎಂದು ಒಬ್ಬನಂತೂ ಬೆಂಚಿನ ಮೇಲೇ ನಿಂತ. ನಾನು ಅವನ ಕೈಯಿಂದ ಏನು ಕಸಿದುಕೊಂಡಿದ್ದೆನೋ ನನಗೆ ತಿಳಿಯಲಿಲ್ಲ. ಹನಮಂತಪ್ಪ ಗಾಬರಿಯಾಗಿ ಗುಂಡಿ ತಿರುಗಿಸಿ "ಟೆಲಿವಿಜನ್ ಬಂದ್ ಆತ್ರಿ" ಎಂದು ಕೂಗಿದ. ಆದರೆ ಬಲ್ಬು ಆರಿಸುವವನು ಜಗಳ ನೋಡಲು ಹೊರಗೆ ಬಂದಿದ್ದ. ಟೆಲಿವಿಜನ್ ಬಂದಾದರೂ ನಾನು ಬೆಳಕಿನಲ್ಲೇ ಕೂತಿದ್ದೆ. ಹೆಂಗಸರ ಕಡೆಯವರಿಗೆ ಗದ್ದಲದ ಗೊಡವೆಯೇ ಇಲ್ಲ. ಏನು ಓದುತ್ತಾಳೆ, ಯಾರ ಹತ್ತಿರ ಇಟ್ಟೀ, ನಿನ್ನ ಹಾಗೆ ಇದ್ದಾಳೋ ಅಪ್ಪನ ಹಾಗೋ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಮ್ಯಾಟ್ರಿಕ್ ಓದುತ್ತಾಳೆ, ಕುಂದಗೋಳದಲ್ಲಿ ನಮ್ಮಕ್ಕನ ಹತ್ತಿರ ಇದ್ದಾಳೆ, ಲೆಕ್ಕದಲ್ಲಿ ಜಾಣೆ, ಬಹಳ ಸಿಟ್ಟಿನವಳು ಎಂದೆಲ್ಲ ಹೇಳಿದೆ. ಅಷ್ಟು ಮಾತನ್ನು ಆ ಪೆಟ್ಟಿಗೆಯಲ್ಲಿ ನಾನು ಯಾವತ್ತೂ ಆಡಿರಲಿಲ್ಲ. ಯಾರೋ ಒಬ್ಬಾಕೆ ಬುತ್ತಿಯಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ರಂಗದ ಅಂಚಿಗಿಟ್ಟು ಹೋದಳು.

ಆಟ ಮುಗಿದ ಮೇಲೆ ಮಾಲಕರು ರಾಜನ ಸಿಂಹಾಸನದ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೆಂಗ ಬಂತು ನಿನ್ನ ಬಾಯಾಗ ಆ ಮಾತು?" ಎಂದಷ್ಟೇ ಕೇಳಿದರು. ಬಾಯಿ ತಪ್ಪಿತ್ರಿ ಎಂದೆ. ಬರೆದುಕೊಡದ ಪ್ರಶ್ನೆ ಬಂದರೆ ಯಾರಾದರೂ ತಡವರಿಸುತ್ತಾರೆ ಎಂದು ಅವರು ನಂಬಿದರು, ಆ ಅಜ್ಜಿಯನ್ನು ಮಾತಾಡಲು ಬಿಟ್ಟ ಹನಮಂತಪ್ಪನಿಗೆ ಎರಡು ಮಾತು ಅಂದರು. ಆಮೇಲೆ, "ಇನ್ನ ಆ ಹುಡುಗೀನ ತಂಗಿ ಅಂತ ಹ್ಯಾಂಗ ಕೂಡ್ರಸೂದು? ನಾಳೆ ಮುಂಜಾನಿಕ್ಕ ನವಲಗುಂದದ ತನಕಾ ಗೊತ್ತಾಗಿರತೈತಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗಲಿಲ್ಲ.

ಹೀಗಾಗಿ ನಿನ್ನ ಕುರ್ಚಿ ತಪ್ಪಿತು ಸಾವಂತ್ರಿ. ನನ್ನದೂ ತಪ್ಪಿದೆ. ನಿನ್ನೆಯಿಂದ ನನಗೆ ನಾಯಕಿಯ ಅತ್ತೆಯ ಪಾತ್ರ ಕೊಟ್ಟಿದ್ದಾರೆ. ಬಿಳಿ ಕೂದಲಿನ ಟೋಪನ್ನು ಇಟ್ಟುಕೊಂಡರೆ ತಲೆ ಕಡಿಯುತ್ತದೆ, ಉಳಿದಂತೆ ಆರಾಮು, ನಾಚಿಕೊಳ್ಳುವ ಕೆಲಸವಿಲ್ಲ. ನಿಜಾಮಸಾಬರು ಬೋರ್ಡಿನಲ್ಲಿ ಕುಮಾರಿಯ ಮೇಲೆ ಸುಣ್ಣ ಹೊಡೆದರು. ಅಲ್ಲಿ ಏನು ಬರೆಯಬೇಕೆಂದು ಮಾಲಕರಿಗೆ ಇನ್ನೂ ಹೊಳೆದಿಲ್ಲ, ಜಾಗ ಖಾಲಿ ಇದೆ. ಟೆಲಿವಿಜನ್ನಿನ ಗುಂಡಿ ಕಿತ್ತು, ಅದನ್ನು ಬಡವರ ಮನೆಯ ದೃಶ್ಯಕ್ಕೆ ಕಿಟಕಿ ಮಾಡಿದ್ದಾರೆ. ಸಾಬರು ನನ್ನನ್ನು ಕಂಡು, "ನಮ್ಮ ಕೈಲೇ ಮಾಡಿದ್ದು ಕೆಡಸಾಕ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲಬೇ" ಎಂದರು.

ನಾಟಕ ಬೇಡ ಎಂದು ನಾನು ನಿನಗೆ ಹೇಳುವವಳಲ್ಲ. ನಾಟಕ ನಮ್ಮಿಬ್ಬರಿಗೂ ಅನ್ನ ಹಾಕಿದೆ. ನಿನಗೆ ನಿಜವಾಗಿ ಮನಸ್ಸಿದ್ದರೆ ಪರೀಕ್ಷೆ ಬರೆದು ಪಾಸಾಗು, ಹಾಡು ಕಲಿ, ಪಾತ್ರ ಮಾಡು, ನಾನೇ ಬಣ್ಣ ಹಚ್ಚುತ್ತೇನೆ. ಬಂದರೆ ನನ್ನ ಮಗಳಾಗಿ ಬಾ. ಯಾರದೋ ತಂಗಿಯಾಗಿ ಬರುವುದು ಬೇಡ. ಈಗ ನೀನು ಪತ್ರ ಬಿಸಾಕಿ ಮಾಳಿಗೆಯ ಮೇಲೆ ಹೋಗಿ ಕೂತಿರುತ್ತೀ. ಕೂಡು. ಸಿಟ್ಟು ಇಳಿದ ಮೇಲೆ ಉಳಿದದ್ದನ್ನು ಓದು. ದೊಡ್ಡವ್ವನಿಗೆ ನಮಸ್ಕಾರ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ನೀಲಕ್ಕ

ತಾಜಾ ಕಲಂ: ಬಾಯಿ ತಪ್ಪಿತು ಎಂದು ಮಾಲಕರಿಗೂ ಹೇಳಿದೆ, ನಿನಗೂ ಮೇಲೆ ಹಾಗೆಯೇ ಬರೆದೆ. ಬರೆದದ್ದನ್ನು ಹೊಡೆದು ಹಾಕಲು ಮನಸ್ಸಾಗುತ್ತಿಲ್ಲ, ಆದರೆ ಅದು ಸುಳ್ಳು. ಇಷ್ಟು ವರ್ಷ ರಂಗದ ಮೇಲೆ ನಿಂತವಳ ಬಾಯಿ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಮಕ್ಕಳೆಷ್ಟು ಎಂದು ಕೇಳಿ ಆ ಅಜ್ಜಿ ಕಾಯುತ್ತ ನಿಂತಿದ್ದಳು. ಇಲ್ಲ ಎಂದು ನಕ್ಕುಬಿಡಲು ನನಗೆ ಬೇಕಾದಷ್ಟು ಹೊತ್ತು ಇತ್ತು. ಆದರೆ ಬಲ್ಬಿನ ಬಿಸಿಗೆ ನೀನು ನನ್ನ ಪಕ್ಕದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತದ್ದು, ಮುಂದಿನ ಸಾಲಿನವನು ನಿನ್ನ ಸೊಂಟದ ಮಾತು ಕೇಳಿದ್ದು, ನೀನು ನನ್ನ ಕಡೆ ತಿರುಗಿ ಅಕ್ಕಾ ಎಂದದ್ದು ಆಗಲೇ ನಡೆದಂತೆ ಕಣ್ಣ ಮುಂದೆ ಕಂಡಿತು. ಒಮ್ಮೆ ಎಲ್ಲರ ಮುಂದೆ ಹೇಳಿಬಿಟ್ಟರೆ ಆಮೇಲೆ ಯಾರೂ ನಿನ್ನನ್ನು ಅಲ್ಲಿ ಕೂಡಿಸಲಾರರು ಎಂದು ತಿಳಿದು, ಬೇಕೆಂದೇ ಹೇಳಿದೆ. ಇದು ಮಾಲಕರಿಗೆ ಗೊತ್ತಾಗಬಾರದು, ಅದಕ್ಕೇ ಈ ಪತ್ರವನ್ನು ಯಾರ ಕೈಗೂ ಕೊಡದೆ ನಾನೇ ಹೋಗಿ ಅಂಚೆಗೆ ಹಾಕುತ್ತೇನೆ. ನೀನು ಸಿಟ್ಟಿನಲ್ಲೇ ಉತ್ತರ ಬರೆದರೂ ನಡೆಯುತ್ತದೆ, ಮೇಲೆ ಅವ್ವ ಎಂದು ಬರೆ.