ತೊಟ್ಟಿಲಿಗೆ ಹೋದ ಬಾವಿ ಹಗ್ಗ

ಮಸ್ತಾನ್ ಚಾಚಾ,

ಕಡೆಗೂ ಹಗ್ಗ ಸಿಕ್ಕಿತು. ಕೆಂಪು ನೂಲು ಸೇರಿಸಿ ನೀವೇ ಹೊಸೆದದ್ದು, ಕೆಳಗಿನ ಬಾವಿಯ ಹಗ್ಗದಿಂದ ಕತ್ತರಿಸಿದ ತುಂಡು. ಅದಕ್ಕಾಗಿ ಊರೆಲ್ಲ ಜಾಲಾಡಿದೆ. ಎಮ್ಮೆಗಳ ಕೊರಳು ನೋಡಿದೆ, ಬಣವೆ ನೋಡಿದೆ. ಶೆಟ್ಟರ ಗಾಡಿಯ ಕೆಳಗೆ ತಲೆ ಹಾಕಿದಾಗ ಅವರ ಎತ್ತು ನನ್ನ ರುಮಾಲನ್ನು ಮೇವೆಂದು ತಿಳಿದು ಬಾಯಿ ಹಾಕಿತು. ಕೊನೆಗೆ ಸಿಕ್ಕಿದ್ದು ನಿಮ್ಮ ಮನೆಯಲ್ಲೇ. ಆದರೆ ಸಿಕ್ಕಿ ಏನು ಬಂತು? ಬಿಚ್ಚುವ ಹಾಗಿಲ್ಲ. ನಾಳೆ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಹುಮನಾಬಾದಿನ ಬಂಗಲೆ ಬಿಟ್ಟು ಹೊರಡುತ್ತಾರೆ. ಅಷ್ಟರಲ್ಲಿ ಆ ತುಂಡು ಅವರ ಮುಂದಿರಬೇಕು. ಇಲ್ಲದಿದ್ದರೆ ನಮ್ಮ ಕೆರೆಯ ಉಳಿದರ್ಧದ ಹೂಳು ತೆಗೆಯಲು ಮಂಜೂರಾತಿ ಇಲ್ಲ.

ಯಾರಿಗೆ ಹೇಳಲಿ ಎಂದು ತಿಳಿಯದೆ ನಿಮಗೆ ಬರೆಯಲು ಕೂತಿದ್ದೇನೆ. ಮಠದ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ನನ್ನದು. ನಿಮಗೆ ಉರ್ದುವೂ ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಹಾಗಾಗಿ ನನ್ನ ತಪ್ಪು ಹಿಡಿಯುವವರಿಲ್ಲ ಎಂಬ ಧೈರ್ಯ.

ಹೋದ ಬೇಸಿಗೆಯಲ್ಲಿ ಮೊದಲ ಬುಟ್ಟಿ ಹೂಳು ಎತ್ತುವ ಮುಂಚೆ ನೀವು ಮಾಡಿದ್ದು ನೆನಪಿದೆಯೇ? ಕಲ್ಯಾಣಿ ಪೇಟೆಯಿಂದ ಕೆಂಪು ನೂಲು ತಂದು, ಒಂದೇ ಉದ್ದನೆಯ ಹಗ್ಗ ಹೊಸೆದು, ನಡುವೆ ಮಡಚಿ ಸರಿಯಾಗಿ ಎರಡು ಮಾಡಿದಿರಿ. ಒಂದನ್ನು ಕೆರೆಯ ಏರಿಯ ಕೆಳಗಿನ ಬಾವಿಗೆ ಕಟ್ಟಿದಿರಿ. ಕೆರೆಯ ನೀರು ಬಸಿದು ಬರುವುದು ಅಲ್ಲಿಗೆ. ಇನ್ನೊಂದನ್ನು ದಿಬ್ಬದ ಆಚೆಯ ಬಾವಿಗೆ. ಕೆರೆಗೂ ಆ ಬಾವಿಗೂ ಸಂಬಂಧವೇ ಇಲ್ಲ; ಆದರೆ ಆಗ ಎರಡರಲ್ಲೂ ನೀರು ಒಂದೇ ಆಳದಲ್ಲಿತ್ತು. ಕೂಲಿ ಗುಂಪಿನವರೆಲ್ಲ ಕಿಸಕಿಸ ನಕ್ಕರು. ನಾನು ಸುಮ್ಮನಿರುವವನೇ?

“ಚಾಚಾ, ಹೂಳು ತೆಗೆಯೂದು ಕೆರಿದು, ಹಗ್ಗ ಬಾವಿಗೆ. ಎರಡೂ ಬಾವಿಗೆ ಲಗ್ನ ಹಚ್ಚೀರೇನು, ಆಯೇರಿ ಉಡುಗೊರಿ ಕೊಡಾಕತ್ತೀರಿ?”

“ಭೀಮ್ಯಾ, ನಗಬ್ಯಾಡ,” ಎಂದಿರಿ. “ಮಳಿ ಬಂದಮ್ಯಾಲ ಎರಡೂ ಬಾವ್ಯಾಗ ನೀರು ಒಂದೇ ಸಮ ಏರಿದ್ರ ಅದು ಮಳಿ ಕೆಲಸ. ಕೆಳಗಿನ ಬಾವಿ ಹೆಚ್ಚಿಗಿ ಏರಿದ್ರ ಅಷ್ಟು ನಮ್ಮ ಕೆಲಸ. ಯಾವುದು ಯಾರದಂತ ಹಗ್ಗ ಹೇಳ್ತದ.”

“ಮತ್ತ ಒಂದೂ ಏರಲಿಲ್ಲಂದ್ರ?”

“ಆಗ ಅದೇ ಹಗ್ಗದಾಗ ನಿನ್ನ ಕಟ್ಟಿ ಬಾವ್ಯಾಗ ಇಳಿಸ್ತೀನಿ.”

ಕೆರೆಯಂಗಳದಲ್ಲಿ ನಾವು ಅಗೆಯದೆ ಬಿಟ್ಟ ಮಣ್ಣಿನ ಕಂಬಗಳಿದ್ದವಲ್ಲ, ಎಷ್ಟು ಆಳ ತೋಡಿದ್ದೇವೆಂದು ಸರ್ಕಾರದವರು ಅಳತೆ ಹಿಡಿಯಲು? ಅವುಗಳ ಪಕ್ಕದಲ್ಲಿ ಹಾದು ಹೋಗುವಾಗ ನಾನು ದಿನಾ ಸಲಾಮು ಹೊಡೆಯುತ್ತಿದ್ದೆ. ಕೂಲಿ ಕೊಡಿಸುವ ಧಣಿಗಳು ಇವೇ ಎಂದು. ನೀವು ಒಂದು ಕಂಬಕ್ಕೆ ಒರಗಿ ಬೀಡಿ ಹಚ್ಚುತ್ತ ಅಂದಿರಿ, “ಇವು ಅಗದದ್ದು ಹೇಳ್ತಾವ. ಅಗದದ್ದರಿಂದ ಏನಾತು ಅಂತ ಹೇಳೂದಿಲ್ಲ.” ಆಗ ನನಗೆ ಅರ್ಥವಾಗಲಿಲ್ಲ. ತೋಡಿದೆವು, ಕೂಲಿ ಬಂತು, ರೊಟ್ಟಿ ಆಯಿತು. ಇನ್ನೇನು ಆಗಬೇಕು ಅಂತ…

ಅರ್ಧ ಕೆರೆ ಮುಗಿಯುವಷ್ಟರಲ್ಲಿ ನಿಮಗೆ ಜ್ವರ ಬಂತು. ನಿಮಗೆ ಮಣ್ಣು ಕೊಟ್ಟು ಬಂದ ಸಂಜೆ ಆಕಾಶದಲ್ಲಿ ಮೋಡವಿತ್ತು. ಒಂದು ಮಳೆಯನ್ನಾದರೂ ನೋಡಿ ಹೋಗಬಾರದಿತ್ತೇ ಚಾಚಾ? ಅಷ್ಟು ಅವಸರ ಏನಿತ್ತು?

ಹಾಗಾಗಿ ಇದು ನಿಮಗೆ ಗೊತ್ತಿಲ್ಲ. ಮಳೆ ಚೆನ್ನಾಗಿ ಬಂತು. ನಾವು ತೋಡಿದ ಅರ್ಧ ತುಂಬಿಕೊಂಡಿತು. ನಾನು ಸಲಾಮು ಹೊಡೆಯುತ್ತಿದ್ದ ಧಣಿಗಳೆಲ್ಲ ನೀರಿನಡಿ ಕರಗಿ ಹೋದರು. ದೀಪಾವಳಿ ಹೊತ್ತಿಗೆ ಕೆಳಗಿನ ಬಾವಿಯಲ್ಲಿ ನೀರು ಎಷ್ಟು ಮೇಲೆ ಬಂದಿತ್ತೆಂದರೆ, ಕೊಡ ಬಿಟ್ಟರೆ ಅರ್ಧ ಹಗ್ಗ ಕಟ್ಟೆಯ ಮೇಲೇ ಸುರುಳಿ ಬಿದ್ದಿರುತ್ತಿತ್ತು. ಹೆಂಗಸರ ಕಾಲಿಗೆ ಸಿಕ್ಕಿ ಕೊಡಗಳು ಉರುಳುತ್ತಿದ್ದವು. ದಿಬ್ಬದ ಆಚೆಯ ಬಾವಿಯೂ ಸ್ವಲ್ಪ ಏರಿತ್ತು ಅನ್ನಿ, ಆದರೆ ಅಲ್ಲಿಯ ಹೆಂಗಸರು ಹೆಚ್ಚುಕಡಿಮೆ ಪೂರಾ ಹಗ್ಗವನ್ನೇ ಸೇದುತ್ತ ನಮಗೆಲ್ಲ ಶಾಪ ಹಾಕುತ್ತಿದ್ದರು. ನೀವು ಹೇಳಿದ ಹಾಗೇ ಆಯಿತು. ಹಗ್ಗ ಹೇಳಿತು. ಆದರೆ ಕೇಳುವವರು ಬರುವ ಮೊದಲೇ ಅದರ ನಾಲಿಗೆ ಕೊಯ್ದಿದ್ದರು. ಕಾಲಿಗೆ ಅಡ್ಡ ಬರುವ ಹಗ್ಗವನ್ನು ಯಾರು ಇಟ್ಟುಕೊಳ್ಳುತ್ತಾರೆ? ಕತ್ತರಿಸಿ ಒಯ್ದರು. ಫಾಯದೆಯೇ, ಅಂದರೆ ಆದ ಲಾಭವೇ, ತನ್ನ ಸಾಕ್ಷಿಯನ್ನು ನುಂಗಿತು ನೋಡಿ.

ನಿನ್ನೆ ಸಾಹೇಬರು ಬಂದರು. ಕೆಟ್ಟವರಲ್ಲ. ಕಟ್ಟೆಯ ಮೇಲೆ ನಮ್ಮ ಜೊತೆಗೇ ಕೂತು ಚಹಾ ಕುಡಿದರು. ನೀವು ಹೋದ ಮೇಲೆ ಗುಂಪಿನ ಮೇಸ್ತ್ರಿಕೆ ನನ್ನ ಕೊರಳಿಗೇ ಬಿದ್ದಿದೆ.

“ಮೇಸ್ತ್ರಿ, ಕಾಮ್ ಛಲೋ ಆಗ್ಯಾದ. ಫಾಯದಾ ಏನಾತು, ಅದು ಹೇಳು. ದೊಡ್ಡ ಲಡಾಯಿ ನಡದದ, ಸರ್ಕಾರದ ಖಜಾನಿ ಬರಿದಾಗ್ಯಾದ. ಹೈದರಾಬಾದಿನಾಗ ಬುಟ್ಟಿ ಬುಟ್ಟಿ ಮಣ್ಣಿಗೂ ಫಾಯದಾ ಕೇಳಾಕತ್ತಾರ.”

“ಬಾವ್ಯಾಗ ನೀರು ಏರ್ಯಾದ್ರಿ ಸಾಹೇಬ್ರ. ಬಗ್ಗಿ ನೋಡಿದ್ರ ನಿಮ್ಮ ಮೀಸಿನೂ ಕಾಣ್ತಾವ.”

ನಕ್ಕರು. “ಮಳಿ ಛಲೋ ಆಗ್ಯಾದಲ್ಲ. ಮಳಿಯಿಂದ ಏರಿಲ್ಲಂತ ನಾ ಹ್ಯಾಂಗ ಬರೀಲಿ?”

ಆಗ ನಾನು ನಿಮ್ಮ ಎರಡು ಹಗ್ಗದ ಕಥೆ ಹೇಳಿದೆ. ಚಹಾ ಅಲ್ಲೇ ಇಟ್ಟು ಎದ್ದರು. ದಿಬ್ಬ ಹತ್ತಿ ಆ ಬಾವಿಯ ಹಗ್ಗ ಅಳೆದರು, ಬಂದು ಇದನ್ನೂ ಅಳೆದರು.

“ಅದು ಉದ್ದ ಅದ, ಇದು ಗಿಡ್ಡ ಅದ. ಇದು ಮೊದಲಿಂದನೂ ಗಿಡ್ಡ ಇರಲಿಲ್ಲಂತ ಸಬೂತು ಏನು?”

“ಊರ ಹೆಣ್ಮಕ್ಕಳು ಹೇಳ್ತಾರ್ರಿ.”

“ಬಾಯಿಮಾತು ಮ್ಯಾಲಿನವರ ಮುಂದ ನಡಿಯೂದಿಲ್ಲಪ್ಪ. ಕೊಯ್ದ ತುಂಡು ತಾ. ಇದಕ್ಕ ಕೂಡಿಸಿದ್ರ ಆ ಹಗ್ಗದಷ್ಟೇ ಆತಂದ್ರ, ನಾನೇ ನಿಂತು ಮಂಜೂರ್ ಮಾಡಸ್ತೀನಿ. ನಾಡದು ಮುಂಜಾನೆತನಕ ಹುಮನಾಬಾದಿನಾಗ ಇರ್ತೀನಿ.”

ಅವರದು ತಪ್ಪೆನ್ನಲೇ? ನೀವಿದ್ದಿದ್ದರೂ ಅದನ್ನೇ ಕೇಳುತ್ತಿದ್ದಿರಿ. ಉಳಿದರ್ಧ ಈ ಬೇಸಿಗೆಯಲ್ಲಿ ತೆಗೆಯದಿದ್ದರೆ ಆ ಹೂಳೆಲ್ಲ ಮುಂದಿನ ಮಳೆಗೆ ಜಾರಿ ನಾವು ತೆಗೆದ ಅರ್ಧಕ್ಕೇ ಬಂದು ಕೂರುತ್ತದೆ. ನೀವು ಜ್ವರದಲ್ಲೂ ಬಂದು ನಿಂತು ತೋಡಿಸಿದ್ದೆಲ್ಲ ಮತ್ತೆ ಕೆಸರು. ನಮ್ಮ ಗುಂಪಿನವರು ಬುಟ್ಟಿ ಸಲಿಕೆ ಕಟ್ಟಿಕೊಂಡು ಸೋಲಾಪುರದ ಕಡೆ ಕಲ್ಲು ಒಡೆಯಲು ಹೋಗಬೇಕು. ನಾನು ಯಾರನ್ನು ನಗಿಸುತ್ತ ಇಲ್ಲಿ ಕೂರಲಿ?

ಇವತ್ತು ಮಧ್ಯಾಹ್ನ ಕೊನೆಗೆ ನಿಮ್ಮ ಮನೆಗೆ ಹೋದೆ, ಜೈನಬಿಗೆ ಏನಾದರೂ ಗೊತ್ತಿರಬಹುದೆಂದು. ಹೌದು ಚಾಚಾ, ನಿಮ್ಮ ಮಗಳಿಗೆ ಹೆಣ್ಣು ಮಗು. ನಿಮ್ಮ ಹಾಗೇ ಹುಬ್ಬು ಗಂಟು ಹಾಕಿಕೊಂಡು ನೋಡುತ್ತದೆ, ನನ್ನ ಕೂಲಿ ಹಿಡಿಯುವವರಂತೆ. ಜೈನಬಿ ತೊಟ್ಟಿಲು ತೂಗುತ್ತಿದ್ದಳು.

“ಬರ್ರಿ ಕಾಕಾ. ಮೊಮ್ಮಗಳನ್ನ ನೋಡಾಕ ಬರಿಗೈಲೆ ಬಂದ್ರೇನು?”

“ಬೆಲ್ಲ ತಂದಿದ್ದೆ ಬೇಟಿ, ದಾರ್ಯಾಗ ನಾನೇ ತಿಂದೆ,” ಎನ್ನುತ್ತ ತಲೆಯೆತ್ತಿದೆ. ಜಂತಿಯಿಂದ ಇಳಿಬಿದ್ದ ಹಗ್ಗದಲ್ಲಿ ಕೆಂಪು ನೂಲು. ಕೈ ಚಾಚಿ ಮುಟ್ಟಿ ನೋಡಿದೆ. ನೀವು ಹೊಸೆದದ್ದೇ, ಚಾಚಾ!

ಅವಳೇ ಹೇಳಿದಳು. “ಬಾವಿ ಕಟ್ಟಿ ಮ್ಯಾಲ ಬಿದ್ದು ಕೊಳಿಯಾಕತ್ತಿತ್ತು ಕಾಕಾ. ಅಬ್ಬಾನ ಕೈದು, ಎಮ್ಮಿಗೆ ಯಾಕ ಹೋಗಬೇಕು? ನಾನೇ ಕೊಯ್ಕೊಂಡು ಬಂದೆ. ಆಗ ನಂಗ ದಿನ ತುಂಬಿದ್ವು, ಮೊದಲಿನಂಗ ಸೇದೂದಿದ್ರ ನನ್ನ ಕೈಲೆ ಆಗ್ತಿರಲಿಲ್ಲ.”

ಸಾಹೇಬರ ಮಾತು ಹೇಳಿದೆ. ಹೇಳಬಾರದಿತ್ತು. ಅವಳು ತೂಗುವುದನ್ನು ನಿಲ್ಲಿಸಿದಳು. ಅವಳ ಮೊದಲ ಕೂಸಿನದು ನಿಮಗೆ ಗೊತ್ತಲ್ಲ. ಅದಿನ್ನೂ ನೆಲಕ್ಕೆ ಕಾಲೂರುವ ಮುಂಚೆಯೇ ನೆರೆಯವರು ಕೇಳಿದರೆಂದು ತೊಟ್ಟಿಲ ಹಗ್ಗ ಬಿಚ್ಚಿ ಕೊಟ್ಟಿದ್ದು, ಅದೇ ವಾರ ನೀವು ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ನಡೆದದ್ದು… ಈ ಸಲ ಮಗು ಕಾಲೂರುವ ತನಕ ಹಗ್ಗ ಮುಟ್ಟುವುದಿಲ್ಲ ಎಂದು ಚಾಚಿ, ಜೈನಬಿ ಇಬ್ಬರೂ ಹರಕೆ ಹೊತ್ತಿದ್ದಾರೆ. ಬೇರೆ ಹಗ್ಗ ಕಟ್ಟಿದರಾಯಿತು ಎನ್ನಬೇಡಿ. ಬಿಚ್ಚುವುದೇ ತಾನೆ ಅವರ ಭಯ? ಸಾಹೇಬರನ್ನೇ ಇಲ್ಲಿಗೆ ಕರೆದು ಅಳೆಸಲು ಅವರು ಹುಮನಾಬಾದ್ ಸೇರಿಯಾಗಿದೆ.

ಜೈನಬಿ ಮಗುವನ್ನು ಎತ್ತಿ ಎದೆಗೆ ಹಿಡಿದಳು. “ಬಿಚ್ಕೊಳ್ರಿ ಕಾಕಾ. ಅಬ್ಬಾನ ಕೆಲಸ ಅಲ್ಲೇನದು,” ಎಂದು ಗೋಡೆಯ ಕಡೆ ಮುಖ ಮಾಡಿ ನಿಂತಳು.

ಪೆಟ್ಟಿಗೆಯ ಮೇಲೆ ಹತ್ತಿದೆ. ಗಂಟಿನ ಮೇಲೆ ಕೈ ಇಟ್ಟೆ. ಕೆಳಗೆ ಆ ಮಗು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು, ನಿಮ್ಮ ಹುಬ್ಬಿನಿಂದ. ನೀವು ಏನು ಹೇಳುತ್ತಿದ್ದಿರಿ? ಬಿಚ್ಚು ಅನ್ನುತ್ತಿದ್ದಿರಾ, ಇಳಿ ಅನ್ನುತ್ತಿದ್ದಿರಾ? ಒಂದು ಮಾತು ಹೇಳಿ ಹೋಗಿದ್ದರೆ…

“ಗಂಟು ಭಾಳ ಬಿಗಿ ಅದ ಬೇಟಿ. ಕಚ್ಚಿ ಬಿಚ್ಚಬೇಕಂದ್ರ ನನ್ನ ಹಲ್ಲೂ ನೌಕರಿ ಬಿಟ್ಟಾವ,” ಎಂದು ಇಳಿದುಬಿಟ್ಟೆ. ಅವಳು ನಕ್ಕಳು. ನಗುತ್ತಲೇ ಅತ್ತಳು. ನಾನು ಹೊರಗೆ ಬರುವಾಗ ತೊಟ್ಟಿಲು ಮತ್ತೆ ತೂಗತೊಡಗಿತು. ಹಗ್ಗ ಜಂತಿಗೆ ಉಜ್ಜುವಾಗ ಬಾವಿಯ ರಾಟೆಯದೇ ಗಡಗಡ ಸದ್ದು.

ಗುಂಪಿನವರಿಗೆ ಇನ್ನೂ ಹೇಳಿಲ್ಲ. ನಾಳೆ ಹುಮನಾಬಾದಿಗೆ ಬರಿಗೈಯಲ್ಲೇ ಹೋಗುತ್ತೇನೆ. ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬಾಯಿಮಾತು ನಡೆಯುವುದಿಲ್ಲವೆಂದು ಗೊತ್ತು. ನನ್ನ ಹತ್ತಿರ ಬಾಯಿ ಬಿಟ್ಟು ಬೇರೇನಿದೆ? ಈ ಹುಡುಗಿ ಎದ್ದು ನಿಂತು ನೆಲಕ್ಕೆ ಕಾಲೂರಿದ ದಿನ ಆ ಹಗ್ಗ ನಾನೇ ಬಿಚ್ಚಿ, ಯಾವ ಸಾಹೇಬರಿದ್ದರೂ ಸರಿ, ಅವರ ಮೇಜಿನ ಮೇಲೆ ಇಡುತ್ತೇನೆ. ಅಷ್ಟರಲ್ಲಿ ಒಂದು ಮಳೆಗಾಲ ಬಂದು ಹೋಗಿರುತ್ತದೆ. ಹೂಳು ಜಾರಿರುತ್ತದೆ. ಅದನ್ನು ಹೇಗೆ ತಡೆಯಬೇಕೋ ನನಗೆ…

ನಮ್ಮ ಮನೆಯಾಕೆ ಕಾಶಮ್ಮ ಒಳಗಿನಿಂದ ಕೂಗುತ್ತಿದ್ದಾಳೆ.

“ಏನ್ರೀ, ಸತ್ತವರಿಗೆ ಹಸಿವಿಲ್ಲ, ನಿಮಗರ ಅದಲ್ಲ! ರೊಟ್ಟಿ ಆರಾಕತ್ತಾವ, ಏಳ್ರಿ. ಜೈನಬಿ ನಿಮಗಂತ ಕೆಳಗಿನ ಬಾವ್ಯಾಗಿಂದ ಒಂದು ಕೊಡ ನೀರು ಸೇದಿ ಕಳಿಸ್ಯಾಳ. ಕೈ ತೊಳ್ಕೊಂಡು ಬರ್ರಿ.”